ಉಜ್ಜಿನಪ್ಪನ ಕೋಪದ ಎಣಿಕೆ

"ಎಣಿಸೋ ಬಾಯಾಗ ಮಾತು ತುರುಕಬ್ಯಾಡ ಅಂತ ಎಷ್ಟು ಸರ್ತಿ ಬಡಕೊಂಡೀನಿ ನಿನಗ! ಹೋತು, ಎಲ್ಲಾ ಹೋತು! ಎಲ್ಲಿತನಕ ಬಂದಿದ್ದೆ ನಾನು? ಈಗ ನೀನ ಹೇಳು, ಎಲ್ಲಿತನಕ ಬಂದಿದ್ದೆ?"

"ನಂಗೇನಯ್ಯ ಗೊತ್ತು? ಹುಣಸೆಹಣ್ಣು ತಂದ್ಯಾ ಅಂತ ಕೇಳ್ದೆ, ಅಷ್ಟೇಯ. ಒಂದು ಹುಣಸೆಹಣ್ಣಿಗೆ ಕದಡೋಗೋ ಲೆಕ್ಕ ಅದೆಂಥಾ ಲೆಕ್ಕ?"

"ಲೆಕ್ಕದ ಮಾತು ನೀ ಆಡಬ್ಯಾಡ! ನೀ ಎಣಿಕಿಗೆ ಬರದ ಕುರಿ. ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ!"

ಉಜ್ಜಿನಪ್ಪ ಹೆಂಡತಿ ರಂಗಕ್ಕನಿಗೆ ಅಂದ ಈ ಕಡೆಯ ಮಾತು ಬಿದ್ದದ್ದೇ ತಡ, ಕುರಿ ರೊಪ್ಪದ ಸುತ್ತ ನಿಂತು ಜಗಳ ನೋಡುತ್ತಿದ್ದವರೆಲ್ಲ ಸುಮ್ಮನಾದರು. ಕುರಿಗಳೂ ಸುಮ್ಮನಾದವು ಎಂದು ಪಕ್ಕದ ಮನೆಯ ಕದಿರಪ್ಪ ಈಗಲೂ ಆಣೆ ಮಾಡಿ ಹೇಳುತ್ತಾನೆ. ಕದಿರಪ್ಪನ ಆಣೆಗೆ ಊರಲ್ಲಿ ಬೆಲೆಯಿಲ್ಲ. ಆದರೂ ಹೇಳುತ್ತಾನೆ.

ಕುರಿ ಸಾಕದವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ತೆಲುಗು ಸೀಮೆಗೆ ಸೇರಿದ ಗುಮ್ಮಘಟ್ಟದ ಆಚೆಯ ಆ ಹಳ್ಳಿಯಲ್ಲಿ ಸಂಜೆ ಗುಡ್ಡದಿಂದ ಇಳಿದ ಕುರಿಗಳು ಮುಳ್ಳುಬೇಲಿಯ ರೊಪ್ಪಕ್ಕೆ ಒಂದೊಂದಾಗಿ ನುಗ್ಗುತ್ತವೆ. ಯಜಮಾನ ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಕೂಗಿ ಎಣಿಸುತ್ತಾನೆ. ಮೊದಲನೆಯದಕ್ಕೆ ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಎರಡನೆಯದರಿಂದ ಲೆಕ್ಕ. ಮನಸ್ಸಿನಲ್ಲೇ ಎಣಿಸಿಕೊಳ್ಳುವವನು ಕಳ್ಳ. ಎಣಿಕೆ ನಾಲ್ಕು ಜನರ ಕಿವಿಗೆ ಬಿದ್ದರೇ ಅದು ಎಣಿಕೆ. ನಡುವೆ ಮಾತು ಬಂದು ಲೆಕ್ಕ ತಪ್ಪಿದರೆ ಎಲ್ಲ ಕುರಿಗಳನ್ನೂ ಹೊರಗೆ ಬಿಟ್ಟು ಮತ್ತೆ ಲಾಭದಿಂದ ಶುರು ಮಾಡಬೇಕು. ಕುರಿಗೂ ಅದು ಇಷ್ಟವಿಲ್ಲ, ಮನುಷ್ಯನಿಗೂ ಇಷ್ಟವಿಲ್ಲ.

ರಂಗಕ್ಕನಿಗೆ ಮಾತ್ರ ಮದುವೆಯಾಗಿ ಬಂದಂದಿನಿಂದ ಏನೇ ನೆನಪಾಗಬೇಕಾದರೂ ಎಣಿಕೆಯ ನಡುವೆಯೇ ನೆನಪಾಗುತ್ತಿತ್ತು. ಹುಣಸೆಹಣ್ಣು, ದೀಪದ ಎಣ್ಣೆ, ಬೆಳುಗುಪ್ಪಕ್ಕೆ ಕೊಟ್ಟ ಮಗಳ ಫೋನು. ಉಜ್ಜಿನಪ್ಪ ಬೈಯುವನು. ಅವಳು ತಿರುಗಿ ಅನ್ನುವಳು. ಜಗಳ ಜೋರಾದರೆ ಮಡಕಶಿರದ ಕಡೆ ಅಮರಾಪುರದಲ್ಲಿರುವ ತನ್ನ ಅಣ್ಣನ ಮನೆಗೆ ಹೊರಡುವಳು. ಬೀದಿ ಕೊನೆಯವರೆಗೆ ಹೋಗಿ, "ಸಂಚಿ ಮರೆತೆ" ಎಂದು ತಿರುಗಿ ಬರುವಳು. ಎಲೆ ಅಡಿಕೆಯ ಆ ಸಂಚಿಗೆ ಬಂದವಳು ಒಂದು ಎಲೆ ಮಡಿಸಿ ಬಾಯಿಗಿಟ್ಟುಕೊಳ್ಳುವಳು. ಎಲೆ ಅಗಿಯುವಷ್ಟರಲ್ಲಿ ಸಿಟ್ಟು ಇಳಿಯುವುದು. ಒಲೆ ಹಚ್ಚುವಳು. ಊರಿಗೇ ಇದು ಗೊತ್ತಿದ್ದ ಸಂಗತಿ. ಹಾಗಾಗಿ ಯಾರೂ ಅವರ ಜಗಳ ಬಿಡಿಸಲು ಹೋಗುತ್ತಿರಲಿಲ್ಲ.

ಈ ಸಲ ರಂಗಕ್ಕ ಒಳಗೆ ಹೋಗಿ ಮೊದಲು ಸಂಚಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಣಿಕೆಗೆ ಬರ್ದೋಳಿಗೆ ರೊಪ್ಪ ಯಾಕೆ, ಮನೆ ಯಾಕೆ?" ಎಂದಳು. "ಕರಿಯಾಕೆ ಬರ್ಬ್ಯಾಡ. ಬಾಯಿ ಸರಿಯಾದ್ಮೇಲೆ ಬಾ. ಆಗ ನೋಡಾನ."

ಎದುರುಮನೆಯ ಮುದುಕಿ ಚಿನ್ನಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಯಪ್ಪಾ, ಸಂಚಿ ತಗೊಂಡು ಹೋದ್ಲು! ಹಂಗಾರ ಇನ್ನ ಬರಂಗಿಲ್ಲ."

"ಬರದಿದ್ರ ಹೋಗ್ಲಿ!" ಎಂದು ಉಜ್ಜಿನಪ್ಪ ಕೂಗಿದ. ಆದರೆ ಕೂಗಿದ್ದು ಅವಳು ಬೀದಿ ತಿರುಗಿದ ಮೇಲೆ. ಗಂಡಸಿನ ಧೈರ್ಯ ಎಷ್ಟು ದೂರದಿಂದ ಶುರುವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಎರಡು ವಾರ ಕಳೆಯುವುದರೊಳಗೆ ಉಜ್ಜಿನಪ್ಪನಿಗೆ ತಲೆ ಸುತ್ತತೊಡಗಿತು. ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಊರವರಿಗೆ ಬೈದ. ಬಸ್ಸಿಗೆ ಬೈದ. ಕೊನೆಗೆ ಬೇವಿನ ಮರಕ್ಕೆ ಬೈಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ಅದೇ ಮರವನ್ನು ತಬ್ಬಿಕೊಂಡ. ಕದಿರಪ್ಪ ಅವನನ್ನು ರಾಯದುರ್ಗದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, ಮುಳ್ಳನ್ನು ನೋಡಿ ಹುಬ್ಬೇರಿಸಿದರು.

"ಏನಪ್ಪಾ, ದಿನಕ್ಕ ಎಷ್ಟು ಮಂದಿಗೆ ಬೈತೀ?"

"ಎಣಿಸಿಲ್ರಿ."

"ಮಾತ್ರಿ ಕೊಡ್ತೀನಿ. ಬರೇ ಮಾತ್ರಿಗೆ ಇದು ಇಳಿಯಂಗಿಲ್ಲ. ಗುರುವಾರ ಕೌನ್ಸೆಲಿಂಗ್ ಮೇಡಂ ಬರ್ತಾರ, ಅವರನ್ನ ಕಾಣು."

ಉಜ್ಜಿನಪ್ಪನ ಮುಖ ಬಿಳಿಚಿಕೊಂಡಿತು. ನಮ್ಮ ಸೀಮೆಯಲ್ಲಿ ಕೌನ್ಸೆಲಿಂಗ್ ಎಂದರೆ ಪೊಲೀಸ್ ಸ್ಟೇಷನ್ನಿನಲ್ಲಿ ರೌಡಿಗಳನ್ನು ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳುವುದು. ಗುರುವಾರ ಅವನು ಒಗೆದ ಪಂಚೆ ಉಟ್ಟು ಹೋದ. ಆಸ್ಪತ್ರೆಯ ಮೂಲೆಯ ಕೋಣೆಯೊಳಗೆ ಕಾಲಿಟ್ಟವನೇ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒತ್ತಿ ನಿಂತ.

ಕುರ್ಚಿಯಲ್ಲಿ ಕೂತಿದ್ದ ಮೇಡಂ ಹೆಸರು ಹೇಮಾ. ಮಡಕಶಿರದ ಹುಡುಗಿ. ಮಗಳ ವಯಸ್ಸು.

"ಕೂತ್ಕಳಿ ಅಣ್ಣ."

"ನಿಂತ ಇರ್ತೀನ್ರಿ. ಮೊದ್ಲ ಹೇಳಿಬಿಡ್ತೀನಿ ಮೇಡಂ, ಯಾರ ಮ್ಯಾಲೂ ಕೈ ಎತ್ತಿದಾಂವ ಅಲ್ಲ ನಾನು. ನಂದು ಬಾಯಿ ಅಷ್ಟ."

"ನಿಮ್ಮನ್ನ ಯಾರೂ ಹಿಡ್ಕೊಂಡು ಹೋಗಲ್ಲ. ಕೂತ್ಕಂಡು ಹೇಳಿ, ಏನಾಯ್ತು?"

"ಹೆಂಡ್ತಿ ಹೋಗ್ಯಾಳ್ರಿ." ರುಮಾಲನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಸಂಚಿ ತಗೊಂಡು," ಎಂದ.

ಮಡಕಶಿರದ ಹುಡುಗಿಗೆ ಸಂಚಿಯ ತೂಕ ಗೊತ್ತಿತ್ತು. ಪೆನ್ನು ಕೆಳಗಿಟ್ಟಳು.

ಪೂರ್ತಿ ಕೇಳಿಸಿಕೊಂಡ ಮೇಲೆ ಅವಳು, ಇದಕ್ಕೊಂದು ಚಿಕಿತ್ಸೆ ಇದೆ, ಮೈಂಡ್‌ಫುಲ್‌ನೆಸ್ ಅನ್ನುತ್ತಾರೆ ಎಂದಳು. ಕಣ್ಣು ಮುಚ್ಚಿ ಉಸಿರು ಗಮನಿಸಲು ಹೇಳಿದಳು. ಉಜ್ಜಿನಪ್ಪ ಗಮನಿಸಿದ. ಉಸಿರು ಮೂಗಿನಲ್ಲಿ ಹೋಯಿತು, ಬಂತು, ಹೋಯಿತು, ಆಮೇಲೆ ಗೊರಕೆಯಾಗಿ ಬಂತು. ಹೇಮಾ ಅವನನ್ನು ಎಬ್ಬಿಸಿ ನೀರು ಕೊಟ್ಟು ಬೇರೆ ದಾರಿ ಯೋಚಿಸಿದಳು.

"ಕುರಿ ಸಾಕ್ತೀರಲ್ವಾ? ರೊಪ್ಪದ ಬಾಗಿಲಲ್ಲಿ ನಿಂತ್ಕಂಡು ಒಂದೊಂದೇ ಕುರಿ ಬರೋದು ನೋಡ್ತೀರ. ಅದೇ ತರ ಅಣ್ಣ. ಕೋಪ ಬಂದ್ರೆ ಅದನ್ನ ಓಡಿಸಬೇಡಿ, ಹಿಡ್ಕಳಕ್ಕೂ ಹೋಗಬೇಡಿ. ಬಾಗಿಲಲ್ಲಿ ನಿಂತ್ಕಳಿ. ಕೋಪ ಬಂತು ಅಂತ ಅದರ ಹೆಸರು ಹೇಳಿ. ಸುಮ್ನೆ ನೋಡ್ತಾ ಇರಿ. ತಾನಾಗೇ ಹೋಗ್ತದೆ. ಹೋದಾಗ, ಹೋಯ್ತು ಅನ್ನಿ. ಬೇಜಾರು, ಭಯ, ಹೊಟ್ಟೆಕಿಚ್ಚು, ಏನು ಬಂದ್ರೂ ಅಷ್ಟೇ."

ಉಜ್ಜಿನಪ್ಪನ ಕಣ್ಣು ಅಗಲವಾಯಿತು. "ಇಷ್ಟನ ಮೇಡಂ? ಇದನ್ನ ದಿನಾ ಮಾಡ್ತೀನಲ್ರಿ ನಾನು!"

ಹೇಮಾ ಸಂತೋಷಪಟ್ಟಳು. ಅವಳ ಉಪಮೆ ಚೆನ್ನಾಗಿತ್ತು, ತಪ್ಪೇನಿಲ್ಲ. ಆದರೆ ಅವಳ ಮನೆಯಲ್ಲಿ ಕುರಿ ಇರಲಿಲ್ಲ. ಕೂಗದ ಎಣಿಕೆ ಎಣಿಕೆಯೇ ಅಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ. ಮನಸ್ಸಿನಲ್ಲೇ ಹೇಳಿಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳುವ ಅಗತ್ಯ ಯಾವ ಓದಿದವರಿಗೆ ತೋಚೀತು?

ರಾಯದುರ್ಗದಿಂದ ಗುಮ್ಮಘಟ್ಟಕ್ಕೆ ಹೋಗುವ ಷೇರ್ ಆಟೋದಲ್ಲೇ ಚಿಕಿತ್ಸೆ ಶುರುವಾಯಿತು. ಡ್ರೈವರು "ಜರಗಂಡಿ, ಜರಗಂಡಿ" ಎಂದು ಎಲ್ಲರನ್ನೂ ಸರಿದು ಕೂರಲು ಕೂಗುತ್ತ ತುಂಬಿದ ಆಟೋಗೆ ಇನ್ನೊಬ್ಬ ದಪ್ಪನೆಯ ಬಟ್ಟೆ ವ್ಯಾಪಾರಿಯನ್ನು ಒತ್ತಿದ. ವ್ಯಾಪಾರಿ ಉಜ್ಜಿನಪ್ಪನ ತೊಡೆಯ ಮೇಲೆ ಅರ್ಧ ಕೂತ. ಎಂದಿನ ಉಜ್ಜಿನಪ್ಪನಾಗಿದ್ದರೆ ವ್ಯಾಪಾರಿಯ ವಂಶವನ್ನು ಬುಡದಿಂದ ಹಿಡಿದು ಎತ್ತುತ್ತಿದ್ದ. ಇವತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ರೊಪ್ಪದ ಬಾಗಿಲಿನ ದನಿಯಲ್ಲಿ ಕೂಗಿದ:

"ಲಾಭ! ಕೋಪ ಬಂತು!"

ಆಟೋ ಒಮ್ಮೆ ಓಲಾಡಿತು.

"ಈ ದಪ್ಪನ ಮನಷ್ಯಾ ನನ್ನ ತೊಡಿ ಮ್ಯಾಲ ಕುಂತಾನ, ಅದಕ್ಕ ಬಂತು. ಐತಿ. ಇನ್ನಾ ಐತಿ."

ವ್ಯಾಪಾರಿ ಗಾಬರಿಯಿಂದ ಅತ್ತಿತ್ತ ನೋಡಿದ. "ಯಾರಿಗೆ ಹೇಳಾಕ ಹತ್ತೀರಿ?"

"ನಿಮಗಲ್ರಿ. ನಾನು ಬಾಗಿಲದಾಗ ನಿಂತೀನಿ. ಹಾಂ, ಹೋತು. ಎಲ್ಡು! ಅಸಹ್ಯ ಬಂತು. ಬೆವರಿನ ವಾಸನಿಗೆ. ಅದೂ ಹೊಂಟೈತಿ, ತಡೀರಿ."

ವ್ಯಾಪಾರಿ ತಡೆಯಲಿಲ್ಲ. ಮುಂದಿನ ತಿರುವಿನಲ್ಲಿ ಇಳಿದು, ಗಂಟನ್ನು ತಲೆ ಮೇಲಿಟ್ಟುಕೊಂಡು, ಬಿಸಿಲಿನಲ್ಲಿ ನಡೆದೇ ಹೋದ. ಉಜ್ಜಿನಪ್ಪನಿಗೆ ಆಶ್ಚರ್ಯವಾಯಿತು. ಒಂದು ಕೆಟ್ಟ ಮಾತೂ ಆಡದೆ ಸೀಟು ಸಿಕ್ಕಿತ್ತು. ಮೇಡಂ ಸಾಮಾನ್ಯದವರಲ್ಲ ಎಂದುಕೊಂಡ.

ಊರಿನಲ್ಲಿ ಮೊದಲ ಪೆಟ್ಟು ಕದಿರಪ್ಪನಿಗೆ ಬಿತ್ತು. ಅವನು ಹೊಸ ಟಗರು ತಂದಿದ್ದ. ಅದರ ಕೊಂಬಿಗೆ ಎಣ್ಣೆ ಹಚ್ಚುತ್ತ ಜಗಲಿಯಲ್ಲಿ ಕೂತಿದ್ದ.

"ಹೊಟ್ಟಿಕಿಚ್ಚು ಬಂತು," ಎಂದ ಉಜ್ಜಿನಪ್ಪ.

ಕದಿರಪ್ಪ ಹಿಗ್ಗಿ ಹೋದ. "ಏನಂದಿ, ಏನಂದಿ? ಇನ್ನೊಮ್ಮಿ ಅನ್ನು. ಏ ಚಿನ್ನಕ್ಕಾ, ಬಾ ಇಲ್ಲಿ! ನನ್ನ ಟಗರು ನೋಡಿ ಇವನಿಗೆ ಹೊಟ್ಟಿಕಿಚ್ಚಂತ, ಬಾಯಿಬಿಟ್ಟು ಹೇಳ್ಯಾನ!"

"ಹೋತು," ಎಂದ ಉಜ್ಜಿನಪ್ಪ.

"ಹೋತಾ? ಇಷ್ಟು ಜಲ್ದಿ?"

"ಟಗರಿನ ಹಿಂದಿನ ಕಾಲು ನೋಡಿದೆ. ಕುಂಟು ಐತಿ. ಈಗ ಕನಿಕರ ಬಂತು."

ಕದಿರಪ್ಪ ಆ ರಾತ್ರಿ ಊಟ ಮಾಡಲಿಲ್ಲವಂತೆ.

ಅದೇ ವಾರ ಕದಿರಪ್ಪನ ಚಿಕ್ಕಪ್ಪ ತೀರಿಕೊಂಡ. ಹಣ್ಣು ಹಣ್ಣು ಮುದುಕ. ಊರೆಲ್ಲ ಸೇರಿತ್ತು. ಉಜ್ಜಿನಪ್ಪ ಹೆಣದ ಪಕ್ಕದಲ್ಲೇ ಕೂತು, ರುಮಾಲಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಕಾದ. ಅಳುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವನ ದನಿ ಕೇಳಿಸಿತು.

"ದುಃಖ ಬರ್ಲಿ ಅಂತ ಕಾಯಾಕ ಹತ್ತೀನಿ. ಬರವಲ್ದು." ಎಲ್ಲರೂ ತಿರುಗಿದರು. "ಲಾಭ! ಹಸಿವು ಬಂತು."

ಹೆಣದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಊಟದ ಹೆಸರೆತ್ತುವಂತಿಲ್ಲ. ಕದಿರಪ್ಪ ಎದ್ದು ಅವನ ಕೊರಳಪಟ್ಟಿ ಹಿಡಿಯುವುದರಲ್ಲಿದ್ದ. ಅಷ್ಟರಲ್ಲಿ ತೀರಿಕೊಂಡವನ ಹೆಂಡತಿ, ಬೆಳಗಿನಿಂದ ಎದೆ ಬಡಿದುಕೊಳ್ಳುತ್ತಿದ್ದವಳು, ಸೆರಗು ಇಳಿಸಿ ಮೆಲ್ಲಗೆ ಹೇಳಿದಳು: "ನಂಗೂ ಬಂದೈತಪ್ಪಾ. ಹೇಳಾಕ ಅಂಜಿಕಿ."

ಚಿನ್ನಕ್ಕ ಸದ್ದಿಲ್ಲದೆ ಎದ್ದು ಹೋಗಿ ತನ್ನ ಮನೆಯಿಂದ ಸೆರಗಿನ ಮರೆಯಲ್ಲಿ ರೊಟ್ಟಿ ತಂದಳು. ಇದು ಶಾಸ್ತ್ರಕ್ಕೆ ವಿರೋಧ. ಆದರೆ ತೀರಿಕೊಂಡವನ ಹೆಂಡತಿ ಅಷ್ಟು ತೃಪ್ತಿಯಿಂದ ಉಂಡದ್ದನ್ನು, ಆಮೇಲೆ ಅಷ್ಟು ಮನಸ್ಸು ಬಿಚ್ಚಿ ಅತ್ತದ್ದನ್ನು ಊರು ಹಿಂದೆ ಕಂಡಿರಲಿಲ್ಲ.

ಮೂರನೆಯ ಪೆಟ್ಟು ಸರ್ಕಾರಕ್ಕೆ. ಗುಡ್ಡದಲ್ಲಿ ಕುರಿ ಮೇಯಿಸಬಾರದೆಂದು ತಿಳಿವಳಿಕೆ ಕೊಡಲು ಊರಿನ ಕಂದಾಯ ಅಧಿಕಾರಿ, ವಿಆರ್‌ಒ ಸಿದ್ದರಾಮೇಶ್, ಸಚಿವಾಲಯ ಎಂದು ಕರೆಯುವ ಊರ ಕಚೇರಿಯಲ್ಲಿ ಸಭೆ ಕರೆದಿದ್ದರು. ಫ್ಲೆಕ್ಸು, ಮೈಕು, ಕುರ್ಚಿ, ಎಲ್ಲ ಇತ್ತು. ಸಾಹೇಬರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಪೂರ್ತಿ ಯಾವುದರಲ್ಲೂ ಅಲ್ಲದೆ, ಮಾತಾಡುತ್ತಲೇ ಇದ್ದರು. ಮುಂದಿನ ಸಾಲಿನಿಂದ ದನಿ ಎದ್ದಿತು.

"ಬ್ಯಾಸರ ಬಂತು."

ಸಾಹೇಬರು ಕೇಳಿಸದವರಂತೆ ಮುಂದುವರಿಸಿದರು.

"ಹೋತು." ಒಂದು ನಿಮಿಷದ ಮೇಲೆ, "ಮತ್ತ ಬಂತು. ಈ ಸರ್ತಿ ಜೋಡಿ ಬಂದಾವು. ಹಿಂದ ನಿದ್ದಿನೂ ಐತಿ."

"ಏಮಯ್ಯಾ! ಯಾರದು?" ಸಿದ್ದರಾಮೇಶ್ ಮೈಕನ್ನೇ ಕೈಯಲ್ಲಿ ಹಿಡಿದು ಮುಂದೆ ಬಂದರು. "ನನ್ನ ಡ್ಯೂಟಿಗೆ ಅಡ್ಡ ಬರ್ತೀಯಾ? ಎಸ್ಸೈಗೆ ಹೇಳಿ ಒಳಗ ಹಾಕಸ್ತೀನಿ!"

ಉಜ್ಜಿನಪ್ಪ ಎದ್ದು ನಿಂತು ಕೈಮುಗಿದ. "ಅಂಜಿಕಿ ಬಂತ್ರಿ."

ಸಾಹೇಬರಿಗೆ ಸಮಾಧಾನವಾಯಿತು. ಎದೆ ಉಬ್ಬಿತು. ಅಂಜುವ ಪ್ರಜೆಯನ್ನು ಕಂಡರೆ ಯಾವ ಅಧಿಕಾರಿಗಾದರೂ ಪ್ರೀತಿ ಹುಟ್ಟುತ್ತದೆ.

"ಹೋತ್ರಿ," ಎಂದ ಉಜ್ಜಿನಪ್ಪ.

"ಏನು?"

"ಅಂಜಿಕಿ ಹೋತ್ರಿ. ಜಾಸ್ತಿ ಹೊತ್ತು ನಿಲ್ಲಲಿಲ್ಲ."

ಮೈಕು ಆನ್ ಇತ್ತು. ಮಾತು ಊರಿಗೆಲ್ಲ ಕೇಳಿಸಿತು. ಸಿದ್ದರಾಮೇಶ್ ಸೀದಾ ಜೀಪು ಹತ್ತಿದರು. ಎಸ್ಸೈಗೆ ಫೋನೂ ಮಾಡಿದರಂತೆ. ಆದರೆ ಅಂಜಿಕೆ ಬಂದು ಹೋದದ್ದಕ್ಕೆ ಯಾವ ಸೆಕ್ಷನ್ ಹಾಕುವುದೆಂದು ಎಸ್ಸೈಗೂ ತಿಳಿಯಲಿಲ್ಲವಂತೆ.

ಈಗ ಊರಿಗೆ ನಿಜವಾದ ಕಷ್ಟ ಶುರುವಾಯಿತು. ಮೊದಲು ಉಜ್ಜಿನಪ್ಪ ಬೈಯುತ್ತಿದ್ದ. ಬೈಗುಳ ಗಾಳಿಯಿದ್ದ ಹಾಗೆ. ರುಮಾಲು ಬಿಗಿ ಮಾಡಿಕೊಂಡು ಹೋದರೆ ಆಯಿತು. ಈಗ ಬೈಯುವುದಿಲ್ಲ, ತಣ್ಣಗೆ ನಿಜ ಹೇಳುತ್ತಾನೆ. ಅದನ್ನು ತಡೆದುಕೊಳ್ಳಲು ಯಾರಿಂದ ಸಾಧ್ಯ? ಅವನು ಬೀದಿಗೆ ಬಂದರೆ ಬಾಗಿಲುಗಳು ಮುಚ್ಚಿಕೊಂಡವು. ಇದರ ಮೇಲೆ ಇನ್ನೊಂದು ಕಾಟ. ಸಂಜೆ ಅವನ ರೊಪ್ಪದ ಎಣಿಕೆ ಮುಗಿಯುತ್ತಲೇ ಇರಲಿಲ್ಲ. ಒಂದು ಸಲ ಎಲ್ಲ ಕುರಿ ಒಳಗೆ ಹೋದವು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಗಿಲು ತೆಗೆದು ಹೊರಗೆ ಬಿಡುತ್ತಿದ್ದ. ಮತ್ತೆ "ಲಾಭ!" ನಡುವೆ ಯಾರೂ ಮಾತಾಡಿರುತ್ತಿರಲಿಲ್ಲ, ಲೆಕ್ಕವೂ ತಪ್ಪಿರುತ್ತಿರಲಿಲ್ಲ. ಆದರೂ ಮತ್ತೆ ಹೊರಗೆ, ಮತ್ತೆ ಒಳಗೆ. ಕುರಿಗಳು ಸೋತು ಬಾಗಿಲಲ್ಲೇ ಮಲಗತೊಡಗಿದವು.

"ತಲಿ ಪೂರಾ ಕೆಟ್ಟೈತಿ," ಎಂದು ತೀರ್ಮಾನಿಸಿದ ಕದಿರಪ್ಪ, ಮುಂದಿನ ಗುರುವಾರ ತಾನೇ ಅವನನ್ನು ಎಳೆದುಕೊಂಡು ಹೇಮಾ ಮೇಡಂ ಎದುರು ನಿಂತ.

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಇವನನ್ನ ಮೊದಲಿನ ಹಂಗ ಮಾಡ್ರಿ. ಬೈದ್ರೂ ಚಿಂತಿಲ್ಲ, ನಮ್ಮವ್ವ ಅಪ್ಪನ್ನ ಸೇರಿಸಿ ಬೈಲಿ. ಈ ಎಣಿಕಿ ಬ್ಯಾಡ್ರಿ!"

ಹೇಮಾ ಎಲ್ಲವನ್ನೂ ಕೇಳಿದಳು. ಆಟೋ, ಟಗರು, ಹೆಣದ ಮನೆ, ವಿಆರ್‌ಒ. ಅಂಜಿಕೆ ಬಂದು ಹೋದ ಭಾಗಕ್ಕೆ ಬಂದಾಗ ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿ, ಸುಮಾರು ಹೊತ್ತು ಬಗ್ಗಿಯೇ ಇದ್ದಳು. ಮೇಲೆದ್ದಾಗ ಕಣ್ಣಲ್ಲಿ ನೀರಿತ್ತು.

"ಅಣ್ಣಾ, ತಪ್ಪು ನಂದು. ಮನಸ್ಸಲ್ಲಿ ಹೇಳ್ಕಳಿ ಅಂತ ನಾನು ಹೇಳ್ಲೇ ಇಲ್ಲ."

"ಮನಸಿನ್ಯಾಗನ?" ಉಜ್ಜಿನಪ್ಪನಿಗೆ ಅವಮಾನವಾಯಿತು. "ಕಳ್ಳನ ಹಂಗ?"

"ಕಳ್ಳನ ಹಂಗೇ," ಎಂದಳು ಹೇಮಾ. ಅವನ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಮುಳ್ಳು ಇಳಿದಿತ್ತು. ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು: "ಒಂದು ಮಾತು ಅಣ್ಣ. ಮಂದೆಯಲ್ಲಿ ಗಂಟೆ ಕಟ್ಟಿದ ಟಗರು ಮೊದಲು ಬರ್ತದಲ್ವಾ?"

"ಹೌದ್ರಿ."

"ಅದು ಒಳಕ್ಕೆ ಹೋದ ತಕ್ಷಣ ಬಾಗಿಲು ಹಾಕ್ತೀರ?"

"ಹುಚ್ಚೇನ್ರಿ? ಹಿಂದ ಕುರಿ ಬರ್ತಾವಲ್ಲ."

"ನಿಮ್ಮ ಕೋಪ ಗಂಟೆ ಕಟ್ಟಿದ ಟಗರು. ಸದ್ದು ಮಾಡ್ಕಂಡು ಮೊದಲು ಬರ್ತದೆ. ನೀವು ಇಷ್ಟು ವರ್ಷ ಅದಾದ ಮೇಲೆ ಬಾಗಿಲು ಹಾಕಿಬಿಟ್ಟಿದ್ದೀರ. ಹಿಂದೆ ಏನು ಬರ್ತದೆ ಅಂತ ಒಂದು ಸಲ ನಿಂತು ನೋಡಿ."

ಉಜ್ಜಿನಪ್ಪ ರುಮಾಲು ಸುತ್ತುವುದನ್ನು ಅರ್ಧಕ್ಕೇ ನಿಲ್ಲಿಸಿದ. ಏನೋ ಹೇಳಲು ಹೋದ. ಮನಸ್ಸಿನಲ್ಲಿ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಅದೇ ಸಂಜೆ ಚಿನ್ನಕ್ಕನ ಜಗಲಿಯ ಮೇಲೆ ಊರು ಸೇರಿ ತೀರ್ಪು ಕೊಟ್ಟಿತು. ಮದ್ದು ಆಸ್ಪತ್ರೆಯಲ್ಲಿಲ್ಲ, ಅಮರಾಪುರದಲ್ಲಿದೆ. ರಂಗಕ್ಕ ಬಂದರೆ ಎಲ್ಲ ಸರಿಹೋಗುತ್ತದೆ. ಬೈದರೂ ಅವಳಿಗೇ ಬೈಯಲಿ, ನಿಜ ಹೇಳಿದರೂ ಅವಳಿಗೇ ಹೇಳಲಿ.

"ಕದಿರಪ್ಪಾ, ನೀ ಜೋಡಿ ಹೋಗು," ಎಂದಳು ಚಿನ್ನಕ್ಕ. "ಉಜ್ಜಿನಪ್ಪಾ, ಕೇಳಿಲ್ಲಿ. ಅಲ್ಲಿ ನೀ ಬಾಯಿ ತೆರದಿ ಅಂದ್ರ ನಿನ್ನ ಸಂಸಾರ ಮುಗೀತು ಅಂತ ತಿಳ್ಕ. ಕೈ ಮುಗಿ, ಕುಂದ್ರು, ಸುಮ್ಕಿರು. ಆಕಿನ್ನ ಕರಕೊಂಡ ಊರಿಗೆ ಬಾ. ಒಬ್ಬನ ಬರಬ್ಯಾಡ."

ಅಮರಾಪುರದಲ್ಲಿ ರಂಗಕ್ಕನ ಅಣ್ಣ ಬೋರಪ್ಪ ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಭಾವನನ್ನು ಕಂಡವನೇ ಎದ್ದು ಚಾಪೆ ಹಾಸಿದ. ಚಾಪೆ ಹಾಸಿದ್ದು ಮರ್ಯಾದೆಗೆ. ಮಾತು ಬೇರೆಯೇ ಇತ್ತು.

"ಬಾ ಭಾವ, ಕುಂತ್ಕ. ನನ್ ತಂಗೀನ ಕುರಿ ಅಂದ್ಯಂತೆ? ನಮ್ಮಪ್ಪ ನಿಂಗೆ ಕೊಟ್ಟಿದ್ದು ಹೆಣ್ಣು ಕಣಯ್ಯ, ಕುರಿಯಲ್ಲ. ಕುರಿ ಬೇಕಿದ್ರೆ ಸಂತೆಗೆ ಹೋಗ್ಬೇಕಿತ್ತು!"

ಉಜ್ಜಿನಪ್ಪ ಕೈಮುಗಿದ. ತುಟಿಗಳು ಅಲುಗಾಡಿದವು. ಸದ್ದು ಬರಲಿಲ್ಲ.

"ಇವಾಗ ಮೊದಲಿನ ಉಜ್ಜಿನಪ್ಪ ಅಲ್ರಿ ಇಂವ," ಎಂದು ಕದಿರಪ್ಪ ಶುರುಮಾಡಿದ. "ಸಾಧು ಆಗ್ಯಾನ. ಇರಿವಿ ತುಳಿಯಂಗಿಲ್ಲ. ಊರೆಲ್ಲ ಇವನ ಮಾತಿಗೆ ಕಾಯ್ತೈತಿ. ದೊಡ್ಡ ದೊಡ್ಡ ಆಫೀಸರು ಸೈತ ಇವನ ಒಂದು ಮಾತು ಕೇಳಿ ಜೀಪು ಹತ್ತಿ ಹೋದ್ರು."

ಬೋರಪ್ಪನ ಹೆಂಡತಿ ಶಿವಲಕ್ಷ್ಮಿ ನೀರು ತಂದಿಟ್ಟು ಬಾಗಿ ನೋಡಿದಳು. "ಅಯ್ಯೋ, ಇದ್ಯಾಕೆ ಭಾವ ಬಾಯಿ ಇಂಗೆ ಆಡಿಸ್ತಾವ್ರೆ? ಹಲ್ಲುನೋವಾ?"

ಆಗ ಅಡುಗೆಮನೆಯ ಬಾಗಿಲಲ್ಲಿ ರಂಗಕ್ಕ ಕಾಣಿಸಿಕೊಂಡಳು. ಸೊರಗಿರಲಿಲ್ಲ. ಸಂಚಿ ಸೊಂಟದಲ್ಲಿ ಇರಲಿಲ್ಲ. ಪಕ್ಕದ ಗೂಡಿನಲ್ಲಿ ಅದಕ್ಕೊಂದು ಜಾಗವಾಗಿತ್ತು. ಉಜ್ಜಿನಪ್ಪ ಮೊದಲು ನೋಡಿದ್ದು ಅದನ್ನೇ. ಸಂಚಿಗೆ ಜಾಗ ಆದರೆ ಅವಳು ಇಲ್ಲಿಯವಳಾದಳು ಎಂದೇ ಅರ್ಥ.

ಅವಳು ಗಂಡನನ್ನು ನೋಡಿದಳು. ಅವನು ಬೈಯಲಿಲ್ಲ, ಕೂಗಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು.

"ಏನಾಗೈತೆ ಇವ್ನಿಗೆ? ಯಾಕೆ ಮಾತಾಡಾಕಿಲ್ಲ?"

"ಬಾಯಿ ಸರಿ ಆಗೈತವ್ವಾ," ಎಂದ ಕದಿರಪ್ಪ. "ನೀನ ಹೇಳಿದ್ದಿ, ಬಾಯಿ ಸರಿಯಾದ ಮ್ಯಾಲ ಬಾ ಅಂತ."

"ಬಾಯಿ ಸರಿ ಮಾಡ್ಕ ಅಂದ್ರೆ ಬಾಯೇ ಕಳಕೊಂಡು ಬಂದವ್ನಲ್ಲ! ಈ ಮೂಕನ ಜೊತೆ ನಾನೇನು ಮಾಡ್ಲಿ?"

"ನನ್ ತಂಗಿ ಬರಾಕಿಲ್ಲ ಕಣಯ್ಯ," ಎಂದ ಬೋರಪ್ಪ, ಕಡಲೆಕಾಯಿ ಸಿಪ್ಪೆ ಕೊಡವುತ್ತ. "ನೀರು ಕುಡೀರಿ. ಮಧ್ಯಾಹ್ನದ ಬಸ್ಸೈತೆ."

ರಂಗಕ್ಕ ಒಳಗೆ ತಿರುಗಿದಳು.

"ಲಾಭ!"

ನಡುಮನೆ ನಡುಗಿತು. ಕದಿರಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಉಜ್ಜಿನಪ್ಪ ಚಾಪೆಯಿಂದ ಎದ್ದು ನಿಂತಿದ್ದ.

"ಕೋಪ ಬಂತು. ಬೋರಪ್ಪನ ಮ್ಯಾಲ. ಬಸ್ಸಿನ ಮಾತಾಡಿದ್ದಕ್ಕ. ಗಂಟಿ ಟಗರು ಅದು, ಹೋಗ್ಲಿ. ಹೋತು. ಹಿಂದ ಬರಾಕ ಹತ್ಯಾವು, ನಿಂದ್ರು ರಂಗಿ, ಎಣಿಕಿ ಮುಗಿಯೋತನ ನಿಂದ್ರು. ನಾಚಿಕಿ ಬಂತು. ಎಣಿಕಿಗೆ ಬರದ ಕುರಿ ಅಂದೆ ನಿನಗ. ಅದು ಹೋಗವಲ್ದು. ಆಸ್ಪತ್ರಿಯಾಗ ಹೋಗ್ತೈತಿ ಅಂದ್ರು. ನಾನೂ ಕಾದೆ. ಎಲ್ಲಾ ಹೋದ್ವು, ಇದೊಂದು ಹೋಗವಲ್ದು."

ರಂಗಕ್ಕ ನಿಂತಳು. ತಿರುಗಲಿಲ್ಲ.

"ಇನ್ನೊಂದು ಬಂತು. ಅಂಜಿಕಿ." ಈಗ ಕೂಗುವ ದನಿ ಇರಲಿಲ್ಲ. "ಸಂಜೀಕ ಎಣಿಸ್ತೀನಿ. ನಡುವ ನೀ ಏನಾರ ಕೇಳ್ತೀ ಅಂತ ತಡದು ತಡದು ಎಣಿಸ್ತೀನಿ. ಯಾರೂ ಕೇಳಂಗಿಲ್ಲ. ಲೆಕ್ಕ ಒಂದ ಸರ್ತಿಗೆ ಸರಿ ಬಂದುಬಿಡ್ತೈತಿ. ಬಂದ್ರ ಬಾಗಿಲು ಹಾಕಿ ಮನಿಗೆ ಹೋಗಬೇಕು. ಮನ್ಯಾಗ ಒಲಿ ಆರೈತಿ. ಅದಕ್ಕ ಮತ್ತ ಬಾಗಿಲು ತಗದು ಕುರಿ ಹೊರಗ ಬಿಡ್ತೀನಿ. ಮತ್ತ ಎಣಿಸ್ತೀನಿ. ಕುರಿ ನಿಂತಲ್ಲೇ ಮಲಗ್ತಾವು. ಆದ್ರೂ ಎಬ್ಬಿಸಿ ಎಣಿಸ್ತೀನಿ."

ಬೋರಪ್ಪನ ಕೈಯಲ್ಲಿದ್ದ ಕಡಲೆಕಾಯಿ ಸುಲಿಯದೆ ಹಾಗೇ ಉಳಿಯಿತು. ಶಿವಲಕ್ಷ್ಮಿ ಮೂಗು ಒರೆಸಿಕೊಂಡಳು. ಊರಿಗೆಲ್ಲ ಕಾಟ ಕೊಟ್ಟ ಎಣಿಕೆಯ ಗುಟ್ಟು ಇದೆಂದು ಕದಿರಪ್ಪನಿಗೆ ಈಗ ತಿಳಿಯಿತು. ತಲೆ ಹಿಡಿದಿದ್ದ ಕೈ ಇಳಿಸಿದ.

ರಂಗಕ್ಕ ತಿರುಗಿದಳು. ಮುಖ ಕೆಂಪಾಗಿತ್ತು.

"ನಿನ್ ಬುದ್ಧೀಗಿಷ್ಟು ಬೆಂಕಿ ಹಾಕ! ಆ ಮೂಕ ಪ್ರಾಣಿಗಳು ಏನಯ್ಯ ಪಾಪ ಮಾಡಿದ್ವು? ದಿನಾ ಗುಡ್ಡ ಹತ್ತಿ ಇಳಿದು ಬರ್ತವೆ, ಗಬ್ಬದ ಕುರಿ ಬೇರೆ ಅವೆ. ಅವುನ್ನ ಎಬ್ಬಿಸಿ ಎಬ್ಬಿಸಿ ಎಣಿಸ್ತಾನಂತೆ! ನೀರಿಟ್ಟಿದ್ದೀಯೋ ಇಲ್ವೋ ಅವುಕ್ಕೆ?"

"ಇಟ್ಟೀನಿ," ಎಂದ ಉಜ್ಜಿನಪ್ಪ, ಸಣ್ಣ ದನಿಯಲ್ಲಿ.

"ಏನಿಟ್ಟಿರ್ತೀಯ ನೀನು!"

ಅವಳು ಬಾಗಿಲ ಮೂಲೆಯ ಚಪ್ಪಲಿ ಮೆಟ್ಟಿಕೊಂಡಳು. ಬೋರಪ್ಪ ಎದ್ದ. "ಲೇ ರಂಗೀ, ಎಲ್ಲಿಗೆ? ಉಂಡಾದ್ರೂ ಹೋಗೆ! ಸೀರೆ ಗಂಟು?"

"ಕುರಿ ಸೋತಿರ್ತವೆ ಕಣಣ್ಣ," ಎಂದಳು. ಅಣ್ಣನ ಮುಖ ನೋಡದೆ ಹೊಸಿಲು ದಾಟಿದಳು.

ಅಷ್ಟರಲ್ಲಿ ಉಜ್ಜಿನಪ್ಪ ಮುಂದೆ ಹೋಗಿ ಅಂಗಳದ ಗೇಟಿನ ಕಂಬ ಹಿಡಿದು ನಿಂತಿದ್ದ. ಅವಳು ಪಕ್ಕದಲ್ಲಿ ಹಾದು ಹೋಗುವಾಗ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಕಳ್ಳನ ಹಾಗೆ, ಅಂದ:

"ಲಾಭ."

"ಬಾಯಿ ಮುಚ್ಕೊಂಡು ನಡಿ," ಎಂದಳು ರಂಗಕ್ಕ. ಅವನು ನಡೆದ. ಇಬ್ಬರ ಹಿಂದೆ ಕದಿರಪ್ಪ ಓಡಿದ.

ಒಳಗೆ ಶಿವಲಕ್ಷ್ಮಿ ಗೂಡಿನ ಕಡೆ ನೋಡಿ ಗಲ್ಲಕ್ಕೆ ಕೈಯಿಟ್ಟುಕೊಂಡಳು. "ನೋಡಿ, ಸಂಚಿ ಮರೆತೋದ್ಲು."

"ಹಂಗಾದ್ರೆ ಬೀದಿ ಕೊನೆಗೋಗಿ ವಾಪಸ್ ಬತ್ತಾಳೆ ಬಿಡು," ಎಂದ ಬೋರಪ್ಪ. ಸಂಚಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಮಧ್ಯಾಹ್ನದ ಬಸ್ಸು ಹಾರನ್ ಹಾಕಿತು. ಊಟದ ಹೊತ್ತಾಯಿತು. ಶಿವಲಕ್ಷ್ಮಿ ಅವಳದೂ ಸೇರಿಸಿ ತಟ್ಟೆ ಇಟ್ಟಳು. ಬೋರಪ್ಪ ಸಂಜೆಯವರೆಗೂ ಬಾಗಿಲಿಗೆ ಅಗುಳಿ ಹಾಕಲಿಲ್ಲ.

ರಂಗಕ್ಕ ಸಂಚಿಗೂ ತಿರುಗಿ ಬರಲಿಲ್ಲ.